ಒಳಗೆ ಬಿಟ್ಟ ಬಟ್ಟೆ

ಬ್ಲೇಡಿನ ಮೂಲೆ ತಾಗಿದರೆ ಸಾಕು, ದಾರ ಟಿಕ್ ಟಿಕ್ ಎಂದು ಬಿಟ್ಟುಕೊಳ್ಳುತ್ತದೆ, ನಾನೇ ಹಾಕಿದ ಹೊಲಿಗೆ, ನನಗೆ ಎದುರಾಡುವುದಿಲ್ಲ, ಕಂಕುಳಿಂದ ಕೆಳಗಿನ ಅಂಚಿನವರೆಗೆ ಪಕ್ಕ ಪೂರ್ತಿ ಬಾಯಿ ಬಿಟ್ಟಿತು, ಈಗ ಮೇಜಿನ ಮೇಲೆ ಮಟ್ಟಸವಾಗಿ ಹರಡಿದೆ ಹೆಂಡತಿಯ ನೀಲಿ ಯೂನಿಫಾರ್ಮ್ ಅಂಗಿ, ಅದರ ಅಂಚಿನಲ್ಲಿ ನಾಲ್ಕು ಪಟ್ಟೆ ನೀಲಿ, ಮೊದಲನೆಯದು ಮಾಸಿದ್ದು, ಎರಡನೆಯದು ಅಷ್ಟು ಮಾಸದ್ದು, ಕೊನೆಯದು ನಿನ್ನೆ ಥಾನಿನಿಂದ ಕತ್ತರಿಸಿದಂತೆ, ಪಟ್ಟೆ ಪಟ್ಟೆಯ ನಡುವೆ ಹಳೆಯ ಹೊಲಿಗೆಯ ತೂತುಗಳ ಸಾಲು — ತೊಟ್ಟಾಗ ತೋಳಿನ ಅಡಿ ಯಾರಿಗೆ ಕಾಣಬೇಕು, ನೀರು ಚಿಮುಕಿಸಿ ಇಸ್ತ್ರಿ ಒತ್ತಿ ತೂತುಗಳನ್ನು ನಾನೇ ಮುಚ್ಚಿದ್ದೆ, ಕೈಚಳಕದ ದರ್ಜಿ ಎಂದು ಗಿರಾಕಿಗಳು ಹೊಗಳುವುದು ಸುಮ್ಮನೆಯೇ? ಗಡಿಯಾರದಲ್ಲಿ ಐದೂಕಾಲು. ಅವಳು ಸ್ಟೇಷನ್ನಿನ ಟಿಕೆಟ್ ಕೌಂಟರ್ ಮುಚ್ಚಿ ಹೊರಟಿರುತ್ತಾಳೆ, ನಡೆದು, ಒಂದೂವರೆ ವರ್ಷದಿಂದ ನಡೆದೇ, ಬಸ್ಸು ಪಕ್ಕದಲ್ಲೇ ಬಂದು ನಿಂತರೂ ಕಡೆಗಣ್ಣಿನಿಂದ ಸಹ ನೋಡುವುದಿಲ್ಲ. ಬೆಳಿಗ್ಗೆ ಅಂಗಿಯನ್ನು ನನ್ನ ಮುಂದೆ ಹಾಕಿದಳು, ರೀ, ಸಡಿಲ ಆಗಿದೆ, ಹಿಡಿದು ಹೊಲೀರಿ, ಈ ಸಲ ಒಳಗೆ ಬಟ್ಟೆ ಬಿಡ್ಬೇಡಿ, ವಾಪಸ್ ಹೋಗೋ ದಾರಿನೇ ಬೇಡ ನಂಗೆ, ಆದ್ರೆ ನಾನು ಬರೋವರೆಗೂ ಕತ್ತರಿ ಮುಟ್ಬೇಡಿ, ಅದನ್ನ ನಾನೇ ಕತ್ತರಿಸ್ಬೇಕು. ಸೀಮೆಸುಣ್ಣದ ಗೆರೆ ಎಳೆದಾಯಿತು, ಅವಳ ಹೊಸ ಅಳತೆ ಸರಿಯಾಗಿ ನನ್ನ ಮೊದಲ ಹೊಲಿಗೆಯ ಮೇಲೇ ಬಂದು ಕೂತಿದೆ, ಅದರಾಚೆಯ ನಾಲ್ಕೂ ಪಟ್ಟೆ ಒಂದೇ ಕತ್ತರಿಗೆ ಹೋಗುತ್ತವೆ, ಅವುಗಳ ಜೊತೆ ನಾನು ಮಾಡಿದ್ದೂ. ಕಾಯಲಾಗಲಿಲ್ಲ ಕಣೇ, ಕೆಲಸ ಜಾಸ್ತಿ ಇತ್ತು, ಕತ್ತರಿಸಿಬಿಟ್ಟೆ ಅಂದರೆ ಒಂದು ಗಳಿಗೆ ಮುಖ ಊದಿಸಿಕೊಂಡಾಳು, ಅಷ್ಟೇ.

ಅವಳ ಅಂಗಿಯ ಗುಂಡಿ ಕಿತ್ತುಹೋದ ದಿನವೇ ಶುರುವಾದದ್ದು, ಕೌಂಟರಿನ ಗಾಜಿಗೆ ಟಣ್ ಎಂದು ಬಡಿಯಿತಂತೆ, ಸಾಲಿನಲ್ಲಿ ನಿಂತವನೊಬ್ಬ ಮೇಡಂ ಗುಂಡು ಹಾರಿಸ್ತಿದ್ದಾರೆ ಎಂದನಂತೆ, ಸಾಲಿಗೆ ಸಾಲೇ ನಕ್ಕಿತಂತೆ, ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು, ಎರಡು ದಿನ ನೀರು ಕುಡಿದುಕೊಂಡೇ ಇದ್ದಳು, ನನ್ನಿಂದ ನೋಡಲಾಗಲಿಲ್ಲ, ಅವಳು ಸ್ನಾನಕ್ಕೆ ಹೋದಾಗ ಎರಡೂ ಪಕ್ಕ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯಲ್ಲಿ ಅರ್ಧ ಬೆರಳು ಸಡಿಲಿಸಿ ಹೊಲಿದೆ, ಮರುದಿನ ತೊಟ್ಟು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡಳು, ನೋಡ್ರೀ, ಎರಡೇ ದಿನಕ್ಕೆ ಇಳಿದುಬಿಟ್ಟೆ. ಹೌದು ಕಣೇ, ಎಂದೆ. ಆ ಸಂಜೆ ಬೇಕರಿಯಿಂದ ಕ್ರೀಮ್ ಬನ್ನು ತಂದವನೂ ನಾನೇ. ಆಮೇಲೆ ಅದೇ ಅಭ್ಯಾಸವಾಯಿತು, ಉಸಿರು ಕಟ್ಟಿ ಗುಂಡಿ ಹಾಕುವುದು ಕಂಡರೆ ಆ ವಾರವೇ ಬ್ಲೇಡು, ನೀರು, ಇಸ್ತ್ರಿ — ಬಟ್ಟೆ ಬಿಗಿಯಾಗಿದ್ದರೆ ಅವಳಿಗೆ ಹೇಳುತ್ತಿತ್ತು, ನಾನು ಅದರ ಬಾಯಿ ಮುಚ್ಚಿಸಿದೆ, ಪ್ರೀತಿಯಿಂದಲೇ. ಕೊನೆಗೆ ಅವಳ ಕಚೇರಿಯವರು ಕಡ್ಡಾಯ ತಪಾಸಣೆ ಎಂದರು, ಜೊತೆಗೆ ಹೋದೆ, ತೂಕದ ಯಂತ್ರ ಹತ್ತಲು ಚಪ್ಪಲಿ ಬಿಟ್ಟಳು, ನರ್ಸು ಬಗ್ಗಿ ನೋಡಿ, ಅಮ್ಮಾ, ಕಾಲಲ್ಲಿ ಏನೋ ಇದೆ ಎಂದಳು, ನೋಡಿದರೆ ಅಂಗಾಲಿನಲ್ಲಿ ಹಸಿರು ತಲೆಯ ಗುಂಡುಸೂಜಿ, ನನ್ನ ಡಬ್ಬಿಯದು, ಹಿಂದಿನ ಸಂಜೆ ಬರಿಗಾಲಲ್ಲಿ ಅಂಗಡಿಗೆ ಬಂದಿದ್ದಳು, ಒಂದು ರಾತ್ರಿ ಒಂದು ಹಗಲು ಅದನ್ನು ತುಳಿದುಕೊಂಡೇ ಓಡಾಡಿದ್ದಾಳೆ, ಅಯ್ಯೋ, ನೋವೇ ಆಗ್ಲಿಲ್ಲ ನೋಡಿ, ಎಂದು ನಕ್ಕಳು. ಡಾಕ್ಟರಮ್ಮ ನಗಲಿಲ್ಲ. ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿವೆ, ಕಾಲಿನ ನರ ಸತ್ತಿದೆ, ಅದು ವಾಪಸ್ ಬರಲ್ಲ, ಉಳಿದದ್ದನ್ನ ಉಳಿಸ್ಕೊಬೇಕು ಅಂದ್ರೆ ಮೂರು ತಿಂಗಳ ಪಥ್ಯ ಸಾಲಲ್ಲ, ತಿನ್ನೋದು, ಓಡಾಡೋದು, ಮಲಗೋದು, ಎಲ್ಲಾ ಬದಲಾಗ್ಬೇಕು, ಸಾಯೋವರೆಗೂ, ಅಲ್ಲಮ್ಮಾ, ಇಷ್ಟು ದಪ್ಪ ಆಗಿದ್ದು ಗೊತ್ತಾಗ್ಲಿಲ್ವಾ, ಬಟ್ಟೆ ಬಿಗಿ ಆಗ್ಲಿಲ್ವಾ? ಇಲ್ಲ ಡಾಕ್ಟ್ರೇ, ಹಳೇ ಅಂಗಿನೇ ಇವತ್ತಿಗೂ ಸರಿಯಾಗೇ ಆಗುತ್ತೆ. ನಾನು ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಅಕ್ಷರಗಳನ್ನು ಓದುತ್ತಿದ್ದೆ, ದೊಡ್ಡದರಿಂದ ಚಿಕ್ಕದಕ್ಕೆ, ಕೊನೆಯ ಸಾಲಿನವರೆಗೂ, ಒಂದಕ್ಷರ ಬಿಡದೆ.

ಅಂದಿನಿಂದ ಸಣ್ಣ ತಟ್ಟೆ, ಅರ್ಧ ತಟ್ಟೆ ತರಕಾರಿ, ಏಳಕ್ಕೆ ಊಟ, ಬೆಳಿಗ್ಗೆ ಆರಕ್ಕೆ ಇಬ್ಬರೂ ನಡಿಗೆ, ಮೊದಲ ತಿಂಗಳು ಅವಳು ಹಿಂದೆ ನಾನು ಮುಂದೆ, ಈಗ ಅವಳು ಮುಂದೆ, ನಾನು ಏದುಸಿರು ಬಿಡುತ್ತಾ ಹಿಂದೆ, ಬೇಕರಿಯವನು ನಮ್ಮನ್ನು ಕಂಡರೆ ಸಾಲ ಕೊಟ್ಟವನಂತೆ ನೋಡುತ್ತಾನೆ, ನಡುವೆ ಎರಡು ತಿಂಗಳು ತೂಕ ಒಂದು ಚೂರೂ ಇಳಿಯಲಿಲ್ಲ, ಆಗಲೂ ನಿಲ್ಲಿಸಲಿಲ್ಲ, ಯಂತ್ರ ಏನಾದ್ರೂ ಹೇಳ್ಲಿ ಬಿಡ್ರೀ, ನಿಮ್ಮ ಹೊಲಿಗೆ ಸುಳ್ಳು ಹೇಳಲ್ಲ, ಅಂಗಿ ಸಡಿಲ ಆದ್ರೆ ನಂಬ್ತೀನಿ, ಎಂದಿದ್ದಳು — ಇವತ್ತು ಈ ಪಟ್ಟೆಗಳನ್ನು ಕಂಡು ಅವಳ ನಂಬಿಕೆಯೇ ಕುಸಿದರೆ, ನಾಳೆ ಆರು ಗಂಟೆಗೆ ಏಳದೇ ಹೋದರೆ, ಇಷ್ಟು ಕಷ್ಟಪಟ್ಟಿದ್ದು ನೀರಲ್ಲಿ ಹೋಮ ಮಾಡಿದಂತೆ, ಕತ್ತರಿಸಿಬಿಡು, ಅವಳ ಒಳ್ಳೆಯದಕ್ಕೇ — ನಾಲ್ಕು ವರ್ಷ ಹೀಗೆಯೇ ಹೇಳಿಕೊಂಡೆನಲ್ಲ, ಅವಳ ಒಳ್ಳೆಯದಕ್ಕೇ. ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕೂತು ಕೈಗನ್ನಡಿಯಲ್ಲಿ ಅಂಗಾಲು ನೋಡಿಕೊಳ್ಳುತ್ತಾಳೆ, ಗಾಯವಿದ್ದರೆ ಕಣ್ಣಿಗೇ ಕಾಣಬೇಕು, ಕಾಲು ಹೇಳುವುದಿಲ್ಲ, ಎಲ್ಲಾ ನಂದೇ ತಪ್ಪು ಕಣ್ರೀ, ನನ್ನ ಮೈ ನಂಗೇ ಗೊತ್ತಾಗ್ಲಿಲ್ಲ ಅಂದ್ರೆ ನಾನೆಂಥ ಹೆಂಗಸು. ದಿನಾ ಬೆಳಿಗ್ಗೆ. ನಾನು ದಿನಾ ಮಗ್ಗುಲು ಬದಲಿಸುತ್ತೇನೆ. ಕತ್ತರಿ ಕೈಯಲ್ಲಿದೆ, ಬಾಯಿ ತೆರೆದು ಗೆರೆಯ ಮೇಲಿಟ್ಟಾಗಿದೆ, ಬೀದಿಯಲ್ಲಿ ಹೆಜ್ಜೆ, ಬಲಗಾಲಿನದು ಸ್ವಲ್ಪ ಜೋರು, ನೆಲ ಸಿಕ್ಕಿತೋ ಇಲ್ಲವೋ ಎಂದು ಕೇಳುವಂಥ ಹೆಜ್ಜೆ, ಅವಳದೇ — ಕತ್ತರಿಯನ್ನು ಮೇಜಿನ ಮೇಲಿಟ್ಟೆ, ಹಿಡಿ ಅವಳ ಕಡೆಗೆ ತಿರುಗಿಸಿ, ಬಟ್ಟೆಯನ್ನು ಬೆಳಕಿಗೆ ಎಳೆದಿಟ್ಟೆ. ಬಂದುಬಿಟ್ಟೆ, ಇಪ್ಪತ್ತೆರಡೇ ನಿಮಿಷ, ಎಲ್ಲಿ ಕೊಡಿ ಎಂದು ಕೈ ಚಾಚಿದವಳು ನಿಂತಳು, ಬೆರಳು ಮೊದಲ ಸಾಲಿನ ಮೇಲೆ ಜಾರಿತು, ಎರಡನೆಯದು, ಮೂರನೆಯದು, ಬೆರಳಿಗೆ ಎಲ್ಲ ಗೊತ್ತಾಗುತ್ತದೆ. ನಾಲ್ಕು ಸಲಾನಾ, ಎಂದಳು. ಹೂಂ, ಎಂದೆ. ಬೈದಿದ್ದರೆ ಆಗುತ್ತಿತ್ತು. ಅವಳು ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಶೂ ಬಿಚ್ಚಿದಳು, ಕಾಲುಚೀಲ ಬಿಚ್ಚಿದಳು, ಬಲಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಅಂಗಾಲು ನೋಡುತ್ತಾ ಕೂತಳು, ನಾನೂ ನೋಡುತ್ತೇನೆ, ಅಲ್ಲಿ ಏನೂ ಇಲ್ಲ, ಆದರೂ ನನ್ನ ಕಣ್ಣಿಗೆ ಇದೆ, ಹಸಿರು ತಲೆ, ಒಳಗೆ ಪೂರ್ತಿ ಇಳಿದದ್ದು, ಅವತ್ತಿನ ಅವಳು ನಗುತ್ತಿದ್ದಾಳೆ, ನೋವೇ ಆಗ್ಲಿಲ್ಲ ನೋಡಿ, ಹಸಿರು ತಲೆ, ನೋವೇ ಆಗ್ಲಿಲ್ಲ ನೋಡಿ, ಹಸಿರು