ತಂತಿ ಕಟ್ಟಿದ ಹಲ್ಲು

“ನಾಲಿಗೆ ಆಡಿಸ್ಬೇಡಿ,” ಎಂದು ದಂತವೈದ್ಯರು ಮೂರನೆಯ ಸಲ ಹೇಳಿದರು. ಹೇಳಿದ ಮಾತು ಕೇಳುವ ನಾಲಿಗೆಯಲ್ಲ ಅದು. ಇಪ್ಪತ್ತೆರಡು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಬಸ್ಸುಗಳ ನಂಬರು ಕೂಗುತ್ತ ದುಡಿದದ್ದು. ಹಿಂದಿನ ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ್ದ. ಎದುರು ಸೀಟಿನ ಕಂಬಿಗೆ ಬಾಯಿ ಬಡಿದು ಅವಳ ಮೇಲಿನ ಎರಡು ಹಲ್ಲು ಅಲುಗಾಡತೊಡಗಿದ್ದವು. ವೈದ್ಯರು ಅವನ್ನು ಅಕ್ಕಪಕ್ಕದ ಗಟ್ಟಿ ಹಲ್ಲುಗಳಿಗೆ ಸೇರಿಸಿ, ಹಿಂಬದಿಯಲ್ಲಿ ಸಣ್ಣ ತಂತಿ ಅಂಟಿಸಿ, ನೀಲಿ ಬೆಳಕು ಹಾಯಿಸಿ ಬಿಗಿ ಮಾಡಿದರು. ಮೂರು ವಾರ ಹೀಗೇ ಇರಬೇಕಂತೆ. ಬೇರು ಹಿಡಿದರೆ ಹಲ್ಲು ಉಳಿದಂತೆ.

ಮಾತಾಡಬಹುದೇ ಎಂದು ಕೇಳಹೋದಳು. ‘ದ’ ಎಲ್ಲೋ ಜಾರಿತು. ಕೆಲವು ದಿನ ತೊದಲುತ್ತದೆ, ಆಮೇಲೆ ನಾಲಿಗೆಯೇ ದಾರಿ ಕಂಡುಕೊಳ್ಳುತ್ತದೆ ಎಂದರು ವೈದ್ಯರು.

ಮನೆಯಲ್ಲಿ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ಓಡಾಡುತ್ತ ಹತ್ತು, ಹನ್ನೊಂದು, ಹದಿನೇಳು ಎಂದು ಒಪ್ಪಿಸಿದಳು. ಗಂಡ ಪೇಪರಿನ ಹಿಂದೆ ನಗು ನುಂಗಿಕೊಂಡ. ಎರಡು ದಿನ ರಜೆ ಹಾಕು ಎಂದ.

“ಅಲ್ಲಿ ಅನೌನ್ಸ್ ಮಾಡೋ ಮೆಶಿನ್ ತಂದಿಟ್ಟಿದಾರೆ,” ಎಂದಳು. “ಎರಡು ದಿನ ಹೋಗ್ದೇ ಇದ್ರೆ, ಆ ಕುರ್ಚೀಲಿ ಯಾರು ಕೂತಿದ್ರು ಅಂತಾನೇ ಮರೀತಾರೆ.”

ಮರುದಿನ ಬೆಳಗ್ಗೆ ಅವಳು ತೊದಲುವುದನ್ನು ಕೇಳಿ ಮೇಲ್ವಿಚಾರಕ, ಸುಮ್ಮನೆ ಕೂತಿರಿ, ಮೆಶಿನ್ನೇ ನೋಡಿಕೊಳ್ಳುತ್ತದೆ ಎಂದು ಗುಂಡಿ ಒತ್ತಿ ಹೋದ. ಅದರ ದನಿ ಜೇನಿನಂತಿತ್ತು. ಅವಳಿಗೆ ಮುಳ್ಳಿನ ಮೇಲೆ ಕೂತಂತಾಯಿತು. ನಾಲಿಗೆ ತಂತಿಯನ್ನು ತಡವುತ್ತಲೇ ಇತ್ತು.

ಅಷ್ಟರಲ್ಲಿ ಮೂರನೇ ಅಂಕಣದಲ್ಲಿ ಒಂದು ಬಸ್ಸು ಕೆಟ್ಟು ನಿಂತಿತು. ಅಲ್ಲಿಗೆ ಬರಬೇಕಿದ್ದ ಹದಿನೇಳನೇ ನಂಬರಿನ ಬಸ್ಸು ಒಂಬತ್ತನೇ ಅಂಕಣಕ್ಕೆ ಹೋಗಿ ನಿಂತಿತು. ಮೆಶಿನ್ ಮಾತ್ರ ಮೂರು, ಮೂರು ಎನ್ನುತ್ತಲೇ ಇತ್ತು. ಅವಳ ಮಹಡಿ ಕೋಣೆಯ ಗಾಜಿನಾಚೆ, ಮೂರರಲ್ಲಿ ಮೂವತ್ತು ಜನ ಕಾದಿದ್ದರು. ಒಂಬತ್ತರಲ್ಲಿ ಡ್ರೈವರ್ ಇಂಜಿನ್ ಚಾಲೂ ಮಾಡಿದ್ದ.

ಅವಳು ಮೆಶಿನ್ ಆರಿಸಿ ಮೈಕ್ ಎಳೆದುಕೊಂಡಳು. ‘ಹದಿನೇಳು’ ತಂತಿಗೆ ಸಿಕ್ಕಿ ಅರ್ಧಕ್ಕೇ ನಿಂತಿತು. ಕೆಳಗೆ ಯಾರೋ ನಕ್ಕರು. ಮೇಲ್ವಿಚಾರಕ ಓಡಿಬಂದವನು ಬಾಗಿಲಲ್ಲೇ ನಿಂತು ಒಮ್ಮೆ ಮೆಶಿನ್, ಒಮ್ಮೆ ಗಾಜಿನಾಚೆ ನೋಡಿದ.

“ಇನ್ನೊಂದ್ಸಲ ಹೇಳಿ,” ಎಂದ. “ನಿಧಾನಕ್ಕೆ.”

ಅವಳು ಹೇಳಿದಳು, ಒಂದೊಂದೇ ಅಕ್ಷರವನ್ನು ತಂತಿಯ ಮೇಲಿನಿಂದ ದಾಟಿಸುತ್ತ.

ಮೂರನೇ ಅಂಕಣದ ಬೆಂಚಿನಲ್ಲಿದ್ದ ಮುದುಕಿಯೊಬ್ಬಳು ಕತ್ತೆತ್ತಿ ಧ್ವನಿವರ್ಧಕವನ್ನು ನೋಡಿದಳು. ಚೀಲವನ್ನು ಸೊಂಟಕ್ಕೇರಿಸಿ, ಒಂಬತ್ತರತ್ತ ಹೆಜ್ಜೆ ಹಾಕಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಎದ್ದರು.