ಮಹಡಿಯ ಸಹೋದರಿ

ನಮ್ಮ ಮನೆಯ ಟ್ಯಾಂಕು ತುಂಬಿ ಹರಿದರೆ ಆ ಸುದ್ದಿ ನನಗೆ ತಲುಪುವುದು ಚರ್ಚಿನ ಹಿಂದಿನ ಕೋಣೆಯಲ್ಲಿ, ಪ್ರಾರ್ಥನೆ ಮುಗಿದ ಮೇಲೆ. ನಗಬೇಡಿ, ನಿಜವಾಗಿಯೂ. ನಾನು ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವವಳು. ಮಹಡಿಯಲ್ಲಿರುವುದು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಔಷಧದಂಗಡಿಯಲ್ಲಿ ಕೆಲಸ. ನಮ್ಮಿಬ್ಬರ ನಡುವೆ ಮಾತಿಲ್ಲ.

ಸುಮ್ಮನೆ ಬಿಟ್ಟ ಮಾತಲ್ಲ. ಅವಳ ಮಗಳಿಗೆ ಜ್ವರ ಬಂದಾಗ ನಾನೇನೋ ಬುದ್ಧಿ ಹೇಳಲು ಹೋದೆ. “ಹೆತ್ತವರಿಗೆ ಗೊತ್ತಿರುತ್ತೆ, ನಿಮಗೇನು ಗೊತ್ತು?” ಅಂದುಬಿಟ್ಟಳು, ನೆಂಟರೆಲ್ಲರ ಮುಂದೆ. ನನಗೆ ಮಕ್ಕಳಿಲ್ಲ. ಆ ಮಾತು ನೆನೆದರೆ ಈಗಲೂ ಅಳು ಬರುತ್ತದೆ.

ನೆಮ್ಮದಿ ಬೇಕೆಂದು ಸಂತ ಫ್ರಾನ್ಸಿಸರ ಮೂರನೇ ಸಭೆ ಸೇರಿದೆ. ಮಠಕ್ಕೆ ಹೋಗದೆ, ಸಂಸಾರದಲ್ಲಿದ್ದುಕೊಂಡೇ ಆ ಸಂತರ ದಾರಿ ಹಿಡಿದವರ ಕೂಟ ಅದು. ಹೋದಲ್ಲೆಲ್ಲ ಶಾಂತಿ ಒಯ್ಯಬೇಕು, ಒಬ್ಬರನ್ನೊಬ್ಬರು ಸಹೋದರ, ಸಹೋದರಿ ಎನ್ನಬೇಕು. ನಾಲ್ಕು ದಿನ ಹಾಯಾಗಿದ್ದೆ. ಒಂದು ಸಂಜೆ ನೋಡಿದರೆ ಬಾಗಿಲಲ್ಲಿ ಇವಳು! ಇಲ್ಲಿಗೂ ಬಂದು ವಕ್ಕರಿಸಿದಳಲ್ಲಪ್ಪಾ ಎಂದು ಮೈಯೆಲ್ಲ ಉರಿಯಿತು.

ಆದರೆ ಅಲ್ಲಿ ಮುಖ ತಿರುಗಿಸುವಂತಿಲ್ಲ. ಹಾಗಾಗಿ ಮನೆಯ ವ್ಯವಹಾರವೆಲ್ಲ ಅಲ್ಲೇ.

“ಸಹೋದರಿ, ಮೆಟ್ಟಿಲ ದೀಪ ಉರೀತಿಲ್ಲ,” ಅನ್ನುವಳು ಅವಳು.

“ತಿಳಿಸಿದ್ರಲ್ಲ, ದೇವರು ನಿಮಗೆ ಒಳ್ಳೇದು ಮಾಡ್ಲಿ, ಸಹೋದರಿ.”

ಉಳಿದವರೆಲ್ಲ ನಗು ತಡೆಯಲಾರದೆ ಕೆಮ್ಮುತ್ತಿದ್ದರು.

ಕೊನೆಗೆ ಸಭೆಯ ಹಿರಿಯರಾದ ನಿವೃತ್ತ ಅಂಚೆಯಣ್ಣನಿಗೇ ತಾಳ್ಮೆ ತಪ್ಪಿತು. ಮುಂದಿನ ಭಾನುವಾರ ನಾನು ಬಲಿಪೀಠದ ಮುಂದೆ ನಿಂತು, ಬದುಕಿರುವವರೆಗೂ ಈ ದಾರಿ ಬಿಡೆನೆಂದು ಮಾತು ಕೊಡುವವಳಿದ್ದೆ.

“ನೋಡಮ್ಮ, ಮನೇಲಿ ಮಾತಾಡದೆ ಇಲ್ಲಿ ಶಾಂತಿ ಶಾಂತಿ ಅಂದ್ರೆ ಅದು ನಾಟಕ,” ಅಂದರು. “ಮೊದ್ಲು ಹೋಗಿ ಅವ್ರ ಬಾಗಿಲು ತಟ್ಟು. ಆಗಲ್ಲ ಅಂದ್ರೆ ನಿನ್ನ ಭಾನುವಾರ ಮುಂದಕ್ಕೆ ಹಾಕೋಣ.”

ನಾನ್ಯಾಕೆ ತಟ್ಟಬೇಕು? ಅಂದವಳು ಅವಳು! ಸಿಟ್ಟಿನ ಭರದಲ್ಲಿ ಯಾರದೋ ಪ್ಯಾಂಟಿನ ಎರಡೂ ಕಾಲುಗಳನ್ನು ಒಟ್ಟಿಗೆ ಸೇರಿಸಿ ಹೊಲಿದುಬಿಟ್ಟೆ. ಹೊಲಿಗೆ ಬಿಚ್ಚುತ್ತ ಕೂತಾಗ ಆ ಭಾನುವಾರ ನನಗೆಷ್ಟು ಬೇಕಾಗಿದೆಯೆಂದು ಅರಿವಾಯಿತು. ಬೇರೆ ಯಾವುದಕ್ಕೂ ನಾನು ಅಷ್ಟು ಆಸೆಪಟ್ಟಿರಲಿಲ್ಲ. ಕತ್ತರಿ ಬದಿಗಿಟ್ಟು ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ.

ಅವಳೇ ತೆರೆದಳು.

“ಸಹೋದರಿ...” ಅಂದೆ.

“ಇಲ್ಲೂ ಹಾಗನ್ಬೇಡಿ ಅಕ್ಕಾ,” ಎಂದವಳೇ ಅತ್ತುಬಿಟ್ಟಳು. “ಕ್ಷಮೆ ಕೇಳೋಣ ಅಂತ ಎಷ್ಟು ಸಲ ಕೆಳಗೆ ಬಂದೆ. ನೀವು ಬಾಗಿಲೇ ತೆಗೀಲಿಲ್ಲ. ಆ ಸಭೇಲಾದ್ರೆ ನೀವು ಉತ್ತರ ಕೊಡ್ಲೇಬೇಕಲ್ಲ, ಅದಕ್ಕೇ ಸೇರ್ಕೊಂಡೆ. ಅಲ್ಲಿಗೆ ಬಂದ್ಮೇಲೂ ಧೈರ್ಯ ಸಾಲ್ದೆ ಬರೀ ಟ್ಯಾಂಕು, ದೀಪ ಅಂತಿದ್ದೆ.”

ನನ್ನ ಹೊಟ್ಟೆ ಉರಿಸಲೆಂದೇ ಬಂದಳೆಂದು ಇಷ್ಟು ದಿನ ಹಲ್ಲು ಕಡಿದಿದ್ದೆನಲ್ಲ! ಆದರೂ ಸುಳ್ಳು ಹೇಳಿ ಸಮಾಧಾನಪಡಿಸುವುದು ನನ್ನಿಂದಾಗದು.

“ಆ ಮಾತು ನಾನು ಮರೆಯೋದಿಲ್ಲ ಕಣೆ.”

“ಮರೀಬೇಡಿ ಅಕ್ಕಾ. ಬಾಗಿಲು ಮಾತ್ರ ಹಾಕ್ಕೋಬೇಡಿ.”

“ಬಾಗಿಲಲ್ಲಿ ನಿಲ್ಲಿಸಿರೋಳು ನೀನು!” ಅಂದೆ, ಕಣ್ಣೊರೆಸಿಕೊಳ್ಳುತ್ತ. “ಸ್ವಲ್ಪ ಜರುಗು, ಒಳಗೆ ಬರ್ತೀನಿ.”