ಸಾದಾ ಯೀಸ್ಟಿಗೆ ಹೊಸ ಚೀಲ

ಸಾದಾ ಯೀಸ್ಟಿನ ಗೆರೆ ಮೇಲೆದ್ದಿತ್ತು. ಏಳಬಾರದಿತ್ತು. ಯಂತ್ರದ ಪರದೆಯನ್ನು ನಾನು ಪಿಳಿಪಿಳಿ ನೋಡುತ್ತ ಕುಳಿತೆ.

ಸೋಯಾ ಕಾಳಿನಲ್ಲಿ ಮೂಳೆಗೆ ಒಳ್ಳೆಯದೆನ್ನುವ ಒಂದು ವಸ್ತುವಿದೆ. ಆ ಗಿಡದ ಜೀನುಗಳನ್ನು ಯೀಸ್ಟಿಗೆ ಸೇರಿಸಿ, ಅದರ ಕೈಯಲ್ಲಿ ಆ ವಸ್ತುವನ್ನು ಮಾಡಿಸುವುದೇ ನನ್ನ ಐದು ವರ್ಷದ ಕೆಲಸ. ಮೂರು ವರ್ಷ ಅದು ಜಪ್ಪಯ್ಯ ಎಂದರೂ ಮಾಡಲಿಲ್ಲ. ನಾಲ್ಕನೆಯ ವರ್ಷ ಒಮ್ಮೆಲೇ ಮಾಡತೊಡಗಿತು. ವಸ್ತು ಹೆಚ್ಚಿದಷ್ಟೂ ಗೆರೆ ಏಳುತ್ತದೆ. ನನ್ನದು ಬೆಟ್ಟದಂತೆ ಎದ್ದಿತ್ತು, ಜೀನು ಸೇರಿಸದ ಸಾದಾ ಯೀಸ್ಟಿನದು ಚಪ್ಪಟೆ ಮಲಗಿತ್ತು. ಅಂದು ಹನ್ನೊಂದು ಗಂಟೆಗೆ ಪರೀಕ್ಷಕರ ಮುಂದೆ ಅದನ್ನು ತೋರಿಸಿದರೆ ನಾನು ಡಾಕ್ಟರ್. ಕೊನೆಯ ಸಲ ಒಮ್ಮೆ ಅಳೆದುಬಿಡೋಣವೆಂದು ಬೆಳಗ್ಗೆ ಕುಳಿತರೆ ಎರಡೂ ಗೆರೆ ಒಂದೇ ಎತ್ತರ!

ಯೀಸ್ಟಿಗೆ ಊಟ ಬೇಯಿಸುವ ಸಹಾಯಕಿಯನ್ನು ನಾವೆಲ್ಲ ಅಡುಗೆಯಮ್ಮ ಎನ್ನುತ್ತೇವೆ. ಅವರನ್ನು ಕೂಗಿದೆ.

"ಸಾದಾದಕ್ಕೆ ಏನು ಹಾಕಿದ್ರಿ?"

"ಊಟದ ಪುಡಿ ಹಳೇ ಚೀಲ ಖಾಲಿ ಆಯ್ತಲ್ಲ, ಹೊಸದರಲ್ಲೇ ಕಲಸಿದೆ. ಯಾಕೆ, ಹೊಟ್ಟೆ ಕೆಡ್ತಾ ಅದಕ್ಕೆ?"

ಹೊಸ ಚೀಲವನ್ನು ತಿರುಗಿಸಿ ಚೀಟಿ ಓದಿದೆ. ಸೋಯಾದಿಂದ ತೆಗೆದ ಪುಡಿ.

ಆ ಚೀಲ ಬಂದದ್ದು ನಾಲ್ಕನೆಯ ವರ್ಷ, ಅಂದಿನಿಂದ ನನ್ನ ಯೀಸ್ಟಿಗೆ ಅದರದೇ ಊಟ. ದುಬಾರಿ ಊಟ ಸಾದಾ ಯೀಸ್ಟಿಗೆ ಯಾಕೆ ದಂಡ, ಮುಗಿಯುವವರೆಗೂ ಅದಕ್ಕೆ ಹಳೆಯದೇ ಸಾಕು ಎಂದು ಜಾಣತನ ಮಾಡಿದವಳು ನಾನೇ. ಎರಡಕ್ಕೂ ಒಂದೇ ಊಟ ಹಾಕಬೇಕೆಂಬುದು ಈ ಕೆಲಸದ ಮೊದಲ ದಿನದ ಪಾಠ. ನನ್ನ ಯೀಸ್ಟ್ ಏನನ್ನೂ ಮಾಡಿರಲಿಲ್ಲ. ನಾವೇ ಹಾಕಿದ ಸೋಯಾವನ್ನು ಅಳೆದು ನಾವೇ ಕುಣಿದಿದ್ದೆವು.

ಚೀಲ ಹೊತ್ತುಕೊಂಡೇ ಗುರುಗಳ ಕೋಣೆಗೆ ಓಡಿದೆ. ಚೀಟಿ ನೋಡುತ್ತಲೇ ಅವರ ಮುಖ ಬಿಳಿಚಿಕೊಂಡಿತು.

"ಇವತ್ತು ಹೇಗೋ ಮುಗಿಸಿಬಿಡು. ನಾಳೆ ನೋಡೋಣ."

"ನಾಳೆ ನೋಡೋಕೆ ಏನಿದೆ ಸರ್?"

ಅವರು ಕನ್ನಡಕ ತೆಗೆದು ಒರೆಸುತ್ತ ಕುಳಿತರು.

ಸಭಾಂಗಣದ ಮೊದಲ ಸಾಲಿನಲ್ಲಿ ಅಮ್ಮ ಕುಳಿತಿದ್ದಳು. ಯೀಸ್ಟು ಗೀಸ್ಟು ಅವಳಿಗೆ ತಿಳಿಯದು. ಮಗಳು ಮೈಕ್ ಹಿಡಿಯುವುದನ್ನು ನೋಡಲೆಂದೇ ಬಂದಿದ್ದಳು. ಬೆಟ್ಟದ ಚಿತ್ರದ ಪಕ್ಕಕ್ಕೆ ಬೆಳಗಿನ ಗೆರೆಯನ್ನೂ ಹಾಕಿದೆ.

"ಇದನ್ನ ನನ್ನ ಯೀಸ್ಟ್ ಮಾಡಿಲ್ಲ. ಅದರ ಊಟದಲ್ಲೇ ಇತ್ತು. ತಪ್ಪು ನಂದು."

ಪರೀಕ್ಷಕರ ಪೆನ್ನುಗಳು ನಿಂತವು. ನಾನು ಮೈಕ್ ಕೆಳಗಿಟ್ಟದ್ದೇ ತಡ, ಭಾಷಣ ಮುಗಿಯಿತೆಂದು ಅಮ್ಮ ಒಬ್ಬಳೇ ಜೋರಾಗಿ ಚಪ್ಪಾಳೆ ತಟ್ಟಿದಳು.